ಅಗತ್ಯವಿಲ್ಲದ ಕರೆಗಳು

೨೨೧೪, ಉಪ್ಪುಗಾಳಿಯ ತಿಂಗಳು, ಮೂವತ್ತಾರನೆಯ ದಿನ
ಹೊನ್ನಾವರದ ಎದುರಿನ ಕಡಲು

ಕಂಪನಿಯ ಇಮೇಲ್ ಸರ್ವರ್‌ಗೆ ದೂರದಿಂದ ದಾರಿ ಮಾಡಿಕೊಡುತ್ತಿರುವವರಿಗೆ,

ನೀವು ನನಗಿಂತ ಸುಮಾರು ಇನ್ನೂರು ವರ್ಷ ಹಿಂದಿನವರು, ಈ ದಿನಾಂಕ ನಿಮ್ಮ ಕ್ಯಾಲೆಂಡರಿನಲ್ಲಿ ಇರಲಾರದು. ನಮ್ಮ ಕಾಲದ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ಸಮುದ್ರದ ನೀರನ್ನು ಸಿಹಿ ಮಾಡುವ ಕಂಪನಿಯೊಂದರ ತೇಲುಕಟ್ಟೆಯ ಮೇಲೆ, ದಡದಿಂದ ನಲವತ್ತು ಕಿಲೋಮೀಟರ್ ದೂರದಲ್ಲಿ, ನಾನೊಬ್ಬನೇ ಇದ್ದೇನೆ. ಬೆಳಿಗ್ಗೆ ಜರಡಿಗಳಿಗೆ ಸಿಕ್ಕ ಪಾಚಿ ತೆಗೆಯುತ್ತೇನೆ, ಒಲೆಯ ಮೇಲೆ ಗಂಜಿ ಇಡುತ್ತೇನೆ, ಹತ್ತು ಗಂಟೆಗೆ ಇಮೇಲ್ ತೆರೆಯುತ್ತೇನೆ. ಸರ್ವರ್ ಇರುವುದು ಹೊನ್ನಾವರದ ಕಚೇರಿಯಲ್ಲಿ. ಅಲ್ಲಿಗೆ ನಮಗೊಂದು ‘ಮುಚ್ಚುದಾರಿ’ ಇದೆ. ಹೊರಗಿನವರು ಇಣುಕಲಾಗದ ಸಂಪರ್ಕ, ನೀವು ವಿಪಿಎನ್ ಎನ್ನುತ್ತಿದ್ದುದು. ಪಾಸ್‌ವರ್ಡ್ ಒಂದೇ ಸಾಲದು. ಈಗಿನ ಯಂತ್ರಗಳು ಮುಖ, ದನಿ, ಬೆರಳಚ್ಚು ಎಲ್ಲವನ್ನೂ ನಕಲು ಮಾಡುತ್ತವೆ. ಆದ್ದರಿಂದ ದಡದಲ್ಲಿ ಒಬ್ಬರು ‘ಗುರುತುಗಾರರು’ ಇರುತ್ತಾರೆ. ಕರೆ ಬಂದಾಗ ಅವರು ಯಂತ್ರಕ್ಕೆ ಗೊತ್ತಿರದ ಏನನ್ನಾದರೂ ಕೇಳಿ, ಇವನು ಅವನೇ ಹೌದೆಂದು ಗುಂಡಿ ಒತ್ತಬೇಕು.

ನನ್ನನ್ನು ಗುರುತಿಸುತ್ತಿದ್ದವರು ನಾಗವೇಣಿ ಮೇಸ್ತ. ಒಮ್ಮೆ ಗುರುತಿಸಿದರೆ ತೊಂಬತ್ತು ದಿನ ಸಾಕೆಂಬುದು ಕಚೇರಿಯ ನಿಯಮ. ಇಲ್ಲಿನ ಸಂಪರ್ಕ ಹೊಂದಿಸುವಾಗ ಅವಧಿಯ ಜಾಗದಲ್ಲಿ ನಾನು ಒಂದು ಎಂದು ತುಂಬಿದೆ. ಕೈತಪ್ಪಿ ಅಲ್ಲ. ದಿನಕ್ಕೊಮ್ಮೆ ಯಾರಾದರೂ ಮಾತಾಡಿಸಲಿ ಎಂದು. ಅವರಿಗೆ ಮಾತ್ರ ಭದ್ರತೆಗಾಗಿ ಎಂದು ಹೇಳಿದೆ.

“ಹೋಯ್ ಜಟ್ಟಣ್ಣ, ನಿನ್ನೆ ಸಾರಿಗೆ ಎಂತ ಹಾಕಿದ್ರಿ?” ಎಂದು ಕೇಳುತ್ತಿದ್ದರು. ಒಣ ಸೀಗಡಿ ಎಂದರೆ, “ಮತ್ತೂ ಅದೇಯಾ? ಹಾಗಾದ್ರೆ ನೀವೇ ಸೈ. ಯಂತ್ರ ಆಗಿದ್ರೆ ಬೇಜಾರು ಬಂದು ಎಂದೋ ಕೆಟ್ಟು ಹೋಗ್ತಿತ್ತು” ಎಂದು ನಗುತ್ತಿದ್ದರು. ನಾಲ್ಕು ವರ್ಷ ಹೀಗೇ ನಡೆಯಿತು. ಭಾನುವಾರವೂ, ಅವರ ಮಗಳ ಮದುವೆಯ ದಿನವೂ, ಕರೆ ಎತ್ತಿದ್ದರು.

ಕಳೆದ ಸೋಮವಾರ ಅವರು ನಿವೃತ್ತರಾದರು. “ನಾಳೆಯಿಂದ ನಾನಿಲ್ಲ ಮಾರಾಯ್ರೆ, ಹುಷಾರು” ಎಂದರು. ನಾನು ಆಯಿತು ಎಂದೆ, ಅಷ್ಟೇ. ಮರುದಿನ ಕರೆಯನ್ನು ಯಾರೂ ಎತ್ತಲಿಲ್ಲ. ಆದರೂ ಇಮೇಲ್ ತೆರೆದುಕೊಂಡಿತು.

ಸರ್ವರ್‌ನ ದಾಖಲೆ ಓದಿದಾಗ ತಿಳಿಯಿತು. ನಾನು ತುಂಬಿದ ಒಂದು ಎಂಬ ಅಂಕಿ ದಿನವೂ ಅವರಿಗೆ ಕರೆ ಹೋಗುವಂತೆ ಮಾಡುತ್ತಿತ್ತು, ಬೇರೇನೂ ಮಾಡುತ್ತಿರಲಿಲ್ಲ. ಪ್ರವೇಶದ ಅವಧಿ ನಿರ್ಧರಿಸುವುದು ಸರ್ವರ್. ಅಲ್ಲಿ ಮೊದಲಿನಿಂದಲೂ ತೊಂಬತ್ತೇ ಇತ್ತು. ದಾಖಲೆಯಲ್ಲಿ ಸಾವಿರದ ನಾಲ್ಕುನೂರಕ್ಕೂ ಹೆಚ್ಚು ಸಾಲುಗಳಿವೆ. ಬಹುಪಾಲು ಒಂದೇ ರೀತಿ: ‘ಅಗತ್ಯವಿಲ್ಲದ ಕರೆ. ಉತ್ತರಿಸಲಾಗಿದೆ.’ ಕರೆ ಬಂದಾಗಲೆಲ್ಲ ಅಗತ್ಯವಿಲ್ಲವೆಂಬ ಸೂಚನೆ ಅವರ ಪರದೆಯ ಮೇಲೂ ಮೂಡುತ್ತಿತ್ತು. ಅವರಿಗೆ ಮೊದಲ ವಾರದಿಂದಲೇ ಗೊತ್ತಿತ್ತು.

ಅಂದೇ ಅವರಿಗೆ ಬರೆದೆ. ಪತ್ರ ವಾಪಸು ಬಂತು. ನಿವೃತ್ತರಾದ ಸಂಜೆ ಐದಕ್ಕೇ ಕಚೇರಿಯವರು ಅವರ ಇಮೇಲ್ ವಿಳಾಸವನ್ನು ಮುಚ್ಚಿದ್ದರು. ಈ ಕಟ್ಟೆಯಿಂದ ಕಂಪನಿಯ ವಿಳಾಸಗಳಿಗೆ ಬಿಟ್ಟು ಬೇರೆಲ್ಲಿಗೂ ಏನೂ ಹೋಗುವುದಿಲ್ಲ. ನಿವೃತ್ತರ ಮನೆಯ ವಿಳಾಸ ಕೊಡುವಂತಿಲ್ಲ ಎಂದು ಕಚೇರಿ ಹೇಳಿತು. ಅವರ ಮನೆ ಯಾವ ಓಣಿಯಲ್ಲಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳುವವರು ಯಾವಾಗಲೂ ಅವರೇ ಆಗಿದ್ದರು. ಇಲ್ಲಿ ನನ್ನ ಸರದಿ ಇನ್ನೂ ಮೂರು ವರ್ಷವಿದೆ, ಅಲ್ಲಿಯವರೆಗೆ ದಡಕ್ಕೆ ಹೋಗುವಂತಿಲ್ಲ.

ನಿಮಗೆ ಇದು ತಲುಪುತ್ತದೆಂಬ ಭರವಸೆಯಿಲ್ಲ, ವಾಪಸಂತೂ ಬರಲಾರದು. ನೀವು ಇಂದು ಸರ್ವರ್‌ಗೆ ದಾರಿ ಮಾಡಿಕೊಡುವ ಆ ಕೆಲಸಕ್ಕೆ ಕೂತಿದ್ದರೆ, ಬೀಗಗಳನ್ನೆಲ್ಲ ಭದ್ರವಾಗಿಯೇ ಹಾಕಿ. ಕೆಲಸ ಬಿಟ್ಟವರ ಪಾಸ್‌ವರ್ಡನ್ನು ಅಂದೇ ರದ್ದು ಮಾಡಿ. ಆದರೆ ಅವರಿಗೆ ಬರುವ ಪತ್ರಗಳು ಅವರ ಮನೆಗೆ ತಲುಪುವಂತೆ ಒಂದು ವಾರವಾದರೂ ಏರ್ಪಾಡು ಮಾಡಿ. ಯಾರೋ ಒಬ್ಬರಿಗೆ ವಿಷಯ ತಡವಾಗಿ ತಿಳಿದಿರುತ್ತದೆ.

ಜಟ್ಟಿ ಅಂಬಿಗ
ತೇಲುಕಟ್ಟೆ ಏಳು