ನನಗೆ ನೋವಾಗಿದೆಯೆಂದು ನಿಮಗೆ ಹೇಳಿದವರು ಯಾರು?

ಮಾನ್ಯ ಪೊಲೀಸ್ ಆಯುಕ್ತರೇ,

‘ಮೃತನ ಕುಟುಂಬದ ಮನಸ್ಸಿಗೆ ನೋವಾಗುತ್ತದೆ’ ಎಂದು ನೀವು ಒಂದು ಕಾದಂಬರಿಯನ್ನು ನಿಷೇಧಿಸಿದ್ದೀರಿ. ಆ ಮೃತ ನನ್ನ ಕಿರಿಯ ಮಗ. ಆ ಕುಟುಂಬದ ಯಜಮಾನಿ ನಾನು. ನನ್ನನ್ನು ಒಂದು ಮಾತು ಕೇಳಿದಿರಾ?

ಕಳೆದ ವರ್ಷದ ಗಲಭೆಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಷಟರ್ ಎಳೆಯುತ್ತಿದ್ದ ನನ್ನ ಮಗ ಕಲ್ಲೇಟಿಗೆ ಸತ್ತ. ಕಲ್ಲೆಸೆದವನು ಜೈಲಿನಲ್ಲಿದ್ದಾನೆ. ಅವನ ತಾಯಿ ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಆ ಕಾದಂಬರಿಕಾರ್ತಿ ನಮ್ಮಿಬ್ಬರ ಮನೆಯಲ್ಲೂ ಕೂತು, ಕೇಳಿ, ಬರೆದಳು. ನನ್ನ ಮನೆಯ ಚಹಾ ನೀರು ನೀರಾಗಿತ್ತೆಂದೂ ಬರೆದಿದ್ದಾಳೆ. ಆ ಜಗಳವನ್ನು ನಾನೇ ಆಡಿಕೊಳ್ಳುತ್ತೇನೆ, ಅದಕ್ಕೆ ಸರ್ಕಾರ ಬೇಕಿಲ್ಲ.

ಪುಸ್ತಕವನ್ನು ಮೊಮ್ಮಗಳು ಓದಿ ಹೇಳಿದಳು. ತನ್ನ ಮಗನನ್ನು ಪೊಲೀಸರು ಕರೆದೊಯ್ದ ಮರುದಿನ ಆ ದರ್ಜಿ ಒಂದೇ ಅಂಗಿಗೆ ಎರಡೂ ಎಡತೋಳನ್ನೇ ಕತ್ತರಿಸಿ, ಅವನ್ನು ನೋಡುತ್ತ ಕೂತಳಂತೆ. ‘ನಿಲ್ಲಿಸೇ’ ಎಂದು ನಾನು ಎದ್ದು ಹೋದೆ. ದುಃಖಪಡುವ ಹಕ್ಕು ಅವಳಿಗೆಲ್ಲಿಯದು ಎಂದು ಮೈ ಉರಿಯಿತು. ಬೆಳಿಗ್ಗೆ ನಾನೇ, ‘ಆಮೇಲೇನಾಯ್ತು, ಓದು’ ಎಂದೆ. ನಿಮ್ಮ ಲಾಠಿಯಿಂದ ಬೀದಿ ಬಾಯಿ ಮುಚ್ಚಿತು, ಅದನ್ನು ನೀವು ಶಾಂತಿ ಎಂದು ಕರೆದಿರಿ. ಮುಂದೇನಾಯಿತೆಂದು ನಾನು ಕೇಳುವಂತೆ ಮಾಡಿದ್ದು ಆ ಪುಸ್ತಕ.

ಹೋದ ವಾರ ಆ ದರ್ಜಿ ನನ್ನ ಗೇಟಿಗೆ ಬಂದಳು. ನಮ್ಮ ‘ರಕ್ಷಣೆ’ಗೆಂದು ನೀವು ನಿಲ್ಲಿಸಿರುವ ಪೇದೆ ಅಡ್ಡ ನಿಂತ.

“ಒಳಗೆ ಬಿಡಪ್ಪಾ,” ಎಂದೆ ಕಿಟಕಿಯಿಂದ.

“ಆಗಲ್ಲ ಅಜ್ಜಿ, ಮೇಲಿಂದ ಆರ್ಡರ್. ನಿಮ್ಮ ಒಳ್ಳೇದಕ್ಕೇ.”

“ನನ್ನ ಗುಲಾಬಿ ಗಿಡಾನ ಬೂಟುಗಾಲಲ್ಲಿ ತುಳಿದ್ಯಲ್ಲ, ಅದೂ ನನ್ನ ಒಳ್ಳೇದಕ್ಕೇನಾ?”

ದರ್ಜಿ ಸರಳು ಹಿಡಿದು ಹೇಳಿದಳು, “ಅಕ್ಕಾ, ಮಗನ ಪರವಾಗಿ ಮಾತಾಡೋಕೆ ಬಂದಿಲ್ಲ. ನಿಮ್ಮನ್ನ ನೋಡ್ಬೇಕು ಅನ್ನಿಸ್ತು.”

ನಾನೇ ಹೊರಗೆ ಹೊರಟರೆ, ಠಾಣೆಗೆ ತಿಳಿಸದೆ ಹೊಸ್ತಿಲು ದಾಟುವಂತಿಲ್ಲವಂತೆ. ಕಲ್ಲೆಸೆದವನಿಗೊಂದು ಜೈಲು, ಕಲ್ಲೇಟು ತಿಂದವನ ತಾಯಿಗೂ ಒಂದು ಜೈಲು. ಎಂಥ ಸಮಾನತೆ, ಸ್ವಾಮಿ!

ಅವಳ ಮಗನನ್ನು ನಾನು ಕ್ಷಮಿಸಿಲ್ಲ. ಮುಂದೆ ಕ್ಷಮಿಸುತ್ತೇನೋ ಇಲ್ಲವೋ, ಅದು ನಾವಿಬ್ಬರು ಹೆಂಗಸರ ವಿಷಯ. ಆದರೆ ಆ ಕಾದಂಬರಿಯಲ್ಲಿ ಇನ್ನೊಂದು ಅಧ್ಯಾಯವಿದೆ. ಗಲಭೆಯ ದಿನ ಬೀದಿಯವರು ಮತ್ತೆ ಮತ್ತೆ ಫೋನ್ ಮಾಡಿದರೂ ಠಾಣೆಯ ಜೀಪು ಕದಲಲಿಲ್ಲ ಎಂದು ಅದರಲ್ಲಿದೆ. ಅದು ನಿಜ. ಫೋನ್ ಮಾಡಿದವರಲ್ಲಿ ನಾನೂ ಒಬ್ಬಳು. ಈಗ ಹೇಳಿ, ಆ ಪುಸ್ತಕ ಓದಿ ನೋವಾದದ್ದು ಯಾರಿಗೆ?

ಆದ್ದರಿಂದ ನಿಷೇಧವನ್ನು ಹಿಂತೆಗೆದುಕೊಳ್ಳಿ. ಅದು ಸಾಧ್ಯವಿಲ್ಲದಿದ್ದರೆ, ಆದೇಶದಲ್ಲಿ ‘ಮೃತನ ಕುಟುಂಬ’ ಎಂಬುದನ್ನು ಹೊಡೆದುಹಾಕಿ ಆ ಜಾಗದಲ್ಲಿ ನಿಮ್ಮ ಹುದ್ದೆಯನ್ನು ಬರೆದುಕೊಳ್ಳಿ. ಪೇದೆಯನ್ನು ಕರೆಸಿಕೊಳ್ಳಿ. ಭಾನುವಾರ ಬಾ ಎಂದು ದರ್ಜಿಗೆ ಹೇಳಿ ಕಳಿಸಿದ್ದೇನೆ. ಆಗಲೂ ಅವನು ಅಡ್ಡ ನಿಂತಿದ್ದರೆ, ಗೇಟಿನ ಆಚೆಗೊಂದು, ಈಚೆಗೊಂದು ಕುರ್ಚಿ ಹಾಕಿಸುತ್ತೇನೆ. ಹೇಳುವುದನ್ನೆಲ್ಲ ಅಲ್ಲೇ, ಬೀದಿಗೆ ಕೇಳುವಂತೆ, ಗಟ್ಟಿಯಾಗಿ ಹೇಳಿಕೊಳ್ಳುತ್ತೇವೆ.

ಇಂತಿ,
ತಮ್ಮ ರಕ್ಷಣೆಯಲ್ಲಿ ಸಿಕ್ಕಿಬಿದ್ದಿರುವ
ಸೈಕಲ್ ಅಂಗಡಿಯವನ ತಾಯಿ