ಗೇಟಿನೊಳಗೆ ಕೂತಿದ್ದರೂ ಬಾರದ ರೋಗಿ

ತುರ್ತು ಚಿಕಿತ್ಸಾ ಅಧ್ಯಯನದ ಮುಖ್ಯ ಸಂಶೋಧಕರೇ,

ನಿಮ್ಮ ಆಸ್ಪತ್ರೆಯ ಅಂಗಳದಲ್ಲಿ ನನ್ನ ಅಕ್ಕ ಪಿಳ್ಳಮ್ಮ ಜ್ವರದಲ್ಲಿ ನಡುಗುತ್ತ ಎರಡೂವರೆ ಗಂಟೆ ಕೂತಿದ್ದಳು. ನಿಮ್ಮ ಅಧ್ಯಯನದ ಪ್ರಕಾರ ಆ ಎರಡೂವರೆ ಗಂಟೆ ಅವಳು ಆಸ್ಪತ್ರೆಗೆ ಬಂದೇ ಇರಲಿಲ್ಲ. ಹಾಗಾದರೆ ಎಲ್ಲಿದ್ದಳು? ಇದನ್ನು ಕೇಳಲು ನಿಮ್ಮ ಕೊಠಡಿಗೆ ಮೂರು ಸಲ ಬಂದೆ. ಮೂರು ಸಲವೂ ನೀವು ಸಮ್ಮೇಳನದಲ್ಲಿದ್ದಿರಿ. ಅದಕ್ಕೇ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡವರ ಮೈಯಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಕುಸಿಯುತ್ತವೆ. ಆಗ ಜ್ವರ ಬಂದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಇಂಜೆಕ್ಷನ್ ಬೀಳಬೇಕು, ತಡವಾದರೆ ಜೀವಕ್ಕೇ ಸಂಚಕಾರ. ಇದನ್ನು ನನಗೆ ಕಲಿಸಿದ್ದು ನಿಮ್ಮದೇ ಗೋಡೆಯ ಪೋಸ್ಟರ್. ರೋಗಿ ಬಂದ ಎಷ್ಟು ನಿಮಿಷಕ್ಕೆ ಸೂಜಿ ಚುಚ್ಚುತ್ತಾರೆ ಎಂದು ಅಳೆಯುವುದೇ ನಿಮ್ಮ ಅಧ್ಯಯನ. ಒಳ್ಳೆಯದೇ, ಯಾರು ಬೇಡವೆಂದರು? ಆದರೆ ಗಡಿಯಾರ ಯಾವಾಗ ಶುರುವಾಗಬೇಕೆಂದು ತೀರ್ಮಾನಿಸಿದಿರಲ್ಲ, ಅಲ್ಲಿದೆ ನಿಮ್ಮ ಪ್ರತಿಭೆ.

ಆ ಗುರುವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಬೇಗೂರಿನಿಂದ ಆಟೋದಲ್ಲಿ ಬಂದಿಳಿದೆವು. ತುರ್ತು ವಿಭಾಗದ ಬಾಗಿಲಲ್ಲಿ ಕಾವಲುಗಾರ ಹಣಮಂತ ಕೈ ಅಡ್ಡ ಹಿಡಿದ.

“ನೀವಿನ್ನೂ ಬಂದಿಲ್ರಿ ಅಕ್ಕಾರ. ಅಲ್ಲಿ ಶಾಮಿಯಾನದಾಗ ಕುಂದರ್ರಿ.”

“ಬಂದಿಲ್ವಾ? ಅಂಗಾರೆ ನಿನ್ನತ್ರ ಮಾತಾಡ್ತಿರೋದು ನನ್ನ ದೆವ್ವಾನಾ?” ಎಂದಳು ಅಕ್ಕ.

“ಕೈಗೆ ಪಟ್ಟಿ ಕಟ್ಟಿ ಸ್ಕ್ಯಾನ್ ಮಾಡಿದ್ಮ್ಯಾಲೆ ಬಂದಂಗ್ರಿ. ಹಾಸಿಗಿ, ಸೂಜಿ ರೆಡಿ ಆಗೋತನಾ ಪಟ್ಟಿ ಕಟ್ಟಬ್ಯಾಡ ಅಂದಾರ. ನಾ ಏನ್ ಮಾಡ್ಲಿ?”

ಅವನ ತಪ್ಪಿಲ್ಲ. ಶಾಮಿಯಾನದಡಿ ನಮ್ಮಂತೆಯೇ ಇನ್ನೂ ಬಾರದವರು ಹದಿನಾಲ್ಕು ಜನ. ಒಬ್ಬರು ವಾಂತಿ ಮಾಡಿಕೊಂಡರು. ಬಾರದವರ ವಾಂತಿ ಒರೆಸುವುದು ಯಾರ ಕೆಲಸವೆಂದು ಸಿಬ್ಬಂದಿ ಇಬ್ಬರು ವಾದಕ್ಕಿಳಿದರು. ಗೇಟಿನಲ್ಲಿ ಆಟೋಗೆ ಕೊಟ್ಟ ಚೀಟಿಯ ಮೇಲೆ ಮಾತ್ರ 10.20 ಎಂದು ಅಚ್ಚಾಗಿದೆ. ಅಂದರೆ ಆಟೋ ಬಂದಿದೆ, ಅದರೊಳಗಿದ್ದ ಹೆಂಗಸು ಬಂದಿಲ್ಲ! ಅಷ್ಟರಲ್ಲಿ ನಿಮ್ಮ ಸಹಾಯಕಿ ಮಂಜುಶ್ರೀ ಒಪ್ಪಿಗೆ ಪತ್ರ ಹಿಡಿದು ಬಂದರು. “ಆಂಟಿ, ಇಲ್ಲೇ ಸೈನ್ ಮಾಡ್ಬಿಡಿ, ಬಂದ್ಮೇಲೆ ಟೈಮ್ ವೇಸ್ಟ್ ಆಗ್ಬಾರ್ದು.” ಬಾರದವಳ ಸಹಿ ಮಾತ್ರ ಊರ್ಜಿತ.

ಪಟ್ಟಿ ಕಟ್ಟಿದ್ದು ಹನ್ನೆರಡೂ ಐವತ್ತೈದಕ್ಕೆ. ಸೂಜಿ ಚುಚ್ಚಿದ್ದು ಒಂದು ಗಂಟೆ ನಾಲ್ಕು ನಿಮಿಷಕ್ಕೆ. ಮಂಜುಶ್ರೀ ಕುಣಿಯುವುದೊಂದು ಬಾಕಿ. “ಆಂಟಿ, ಒಂಬತ್ತೇ ನಿಮಿಷ! ಈ ತಿಂಗ್ಳು ನಿಮ್ದೇ ಬೆಸ್ಟ್!”

ಅಕ್ಕ ಹಲ್ಲು ಕಟಕಟಿಸುತ್ತಲೇ, “ಕಪ್ಪು ಗಿಪ್ಪು ಏನಾರ ಕೊಡ್ತೀರೇನವ್ವಾ?” ಎಂದಳು. ಅದಾದ ಮೇಲೆ ಐಸಿಯುನಲ್ಲಿ ಆರು ದಿನ ಅವಳಿಗೆ ಮಾತಿರಲಿಲ್ಲ. ಆ ಆರು ದಿನ ನಿಮ್ಮ ಅಧ್ಯಯನದ ಯಾವ ಕಾಲಮ್ಮಿನಲ್ಲಿದೆ, ಸ್ವಾಮಿ?

ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಸಂಘ ಕಟ್ಟಿ, ಧರಣಿ ಕೂತವನು ನಾನು. ಅರ್ಧ ಗಂಟೆ ಕೆಲಸ ಮಾಡಿಸಿಕೊಂಡು ಆಮೇಲೆ ಕಾರ್ಡ್ ಪಂಚ್ ಮಾಡಿಸುವ ಸೂಪರ್‌ವೈಸರುಗಳನ್ನು ಬೇಕಾದಷ್ಟು ಕಂಡಿದ್ದೇನೆ. ಅವರು ನಮ್ಮ ಬೆವರು ಕದ್ದರು. ನೀವು ಕದ್ದದ್ದು ಜೀವ ಉಳಿಯುವ ಗಂಟೆಯನ್ನು. ನಿಮಗೆ ಹೊದಿಸಿದಂತೆ ಅವರಿಗೆ ಯಾರೂ ವೇದಿಕೆಯ ಮೇಲೆ ಶಾಲು ಹೊದಿಸಲಿಲ್ಲ, ಅಷ್ಟೇ ವ್ಯತ್ಯಾಸ. ಹಾಸಿಗೆ ಸಾಲದು, ನರ್ಸುಗಳು ಸಾಲರು ಎಂದು ನಿಮ್ಮ ಅಧ್ಯಯನ ಕೂಗಿ ಹೇಳಬಹುದಿತ್ತು. ಹೇಳಿದ್ದರೆ ನಿಮ್ಮ ಜೊತೆ ನಾವೂ ಬೀದಿಗಿಳಿಯುತ್ತಿದ್ದೆವು. ನೀವು ರೋಗಿಗಳನ್ನು ಹೊರಗೆ ಬಿಟ್ಟು ಗಡಿಯಾರವನ್ನು ಮಾತ್ರ ಒಳಗೆ ಹೊತ್ತುಕೊಂಡು ಹೋದಿರಿ.

ಬರುವ ಸೋಮವಾರ ಅಕ್ಕನ ನಾಲ್ಕನೆಯ ಕೀಮೋ. “ನಾ ಬರಾಕಿಲ್ಲ ಕಣೋ. ಆಮ್ಯಾಕೆ ಜ್ವರ ಬಂದ್ರೆ ಅಲ್ಲಿಗೋಗಿ ಕುಂತ್ರೂ ಬಂದಂಗಲ್ವಂತೆ. ಅದ್ಕೆ ಮನೇಲೇ ಬಿದ್ಕಂಡಿರ್ತೀನಿ” ಎಂದು ಹಟ ಹಿಡಿದಿದ್ದಾಳೆ. ಕೀಮೋ ನಿಂತರೆ ಗೆಡ್ಡೆ ನಿಲ್ಲುವುದಿಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಭಾನುವಾರ ಸಂಜೆಯೊಳಗೆ ಸಮಯ ಬರೆಯುವ ಮೇಜನ್ನು ಗೇಟಿಗೆ ತನ್ನಿ. ಶಾಮಿಯಾನದಲ್ಲೇ ಇಂಜೆಕ್ಷನ್ ಕೊಡಬಲ್ಲ ಒಬ್ಬ ನರ್ಸನ್ನು ಕೂರಿಸಿ. ಈವರೆಗಿನ ಸುಳ್ಳು ನಿಮಿಷಗಳನ್ನು ಹಿಂತೆಗೆದುಕೊಳ್ಳಿ. ಇಷ್ಟು ಮಾಡಿ, ನೀವೇ ಅವಳಿಗೊಂದು ಫೋನು ಹಚ್ಚಿ, “ಪಿಳ್ಳಮ್ಮನವರೇ, ಬನ್ನಿ” ಎನ್ನಿ. ನಂಬರು ನಿಮ್ಮಲ್ಲಿದೆ. ನಾನು ಹೇಳಿದರೆ ಅವಳು ನಂಬುತ್ತಿಲ್ಲ.

ಇಂತಿ,
ಅಕ್ಕನನ್ನು ಒಪ್ಪಿಸಲಾರದೆ ನಿಮ್ಮನ್ನು ಒಪ್ಪಿಸಲು ಕೂತಿರುವ
ಆಂಜಿನಪ್ಪ, ಬೇಗೂರು