ಇಡೀ ಕಚೇರಿಗೆ ಒಂದೇ ಲಾಗಿನ್

ಹೆಸರು ಬೇಡದ ಒಂದು ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕೋಗಿಲು ಭಾಗದ ಮನೆ ನಕ್ಷೆಗಳಿದ್ದ ಇಡೀ ಫೋಲ್ಡರ್ ನಿಮ್ಮ ಸರ್ವರ್‌ನಿಂದ ಅಳಿಸಿಹೋಗಿದೆ. ಅದಕ್ಕೆ ಹೊಣೆಯೆಂದು ಗುತ್ತಿಗೆ ನೌಕರಳಾದ ಶಶಿರೇಖಾಗೆ ನೋಟಿಸ್ ಕೊಟ್ಟಿದ್ದೀರಿ. ಸೋಮವಾರದೊಳಗೆ ಉತ್ತರ ಬಾರದಿದ್ದರೆ ಕೆಲಸದಿಂದ ತೆಗೆಯುತ್ತೀರಂತೆ. ಇಷ್ಟು ಚುರುಕು ನಿಮ್ಮಲ್ಲಿದೆ ಎಂದು ನಮಗೆ ಗೊತ್ತೇ ಇರಲಿಲ್ಲ.

ನನ್ನನ್ನು ಮರೆತಿರಬಹುದು. ಯಲಹಂಕದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಒಂದೇ ಜಾಲಕ್ಕೆ ಜೋಡಿಸುವ ಯೋಜನೆ ಬರೆದುಕೊಡಿ ಎಂದು ನೀವೇ ಕರೆಸಿದ್ದಿರಿ. ಬರೆದುಕೊಟ್ಟೆ. ಕಡತಗಳೆಲ್ಲ ಒಂದು ಸರ್ವರ್‌ನಲ್ಲಿ, ಪ್ರತಿಯೊಬ್ಬರಿಗೂ ಅವರವರದೇ ಲಾಗಿನ್. ಯಾರು ಓದಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬುದು ಅವರವರ ಕೆಲಸಕ್ಕೆ ತಕ್ಕಂತೆ. ಓದಿ ನಕ್ಕಿರಿ. “ನೋಡಮ್ಮ, ನಮ್ಮಲ್ಲಿ ಎಲ್ಲಾ ನನ್ ಪದನಾಮದಲ್ಲೇ ಹೋಗೋದು. ಗುಮಾಸ್ತನಿಗೂ ಒಂದು ಲಾಗಿನ್ ಕೊಟ್ರೆ ಆಫೀಸರ್ ಯಾಕ್ರೀ ಬೇಕು?” ಎಂದಿರಿ. ಬ್ಯಾಕಪ್ ಬಗ್ಗೆ ಬರೆದಿದ್ದ ಪುಟಕ್ಕೆ, “ಇರೋದನ್ನೇ ಎರಡ್ ಸಲ ಯಾಕ್ ಇಡ್ಬೇಕು?” ಎಂದು ಅಡ್ಡಗೆರೆ ಎಳೆದಿರಿ.

ಎಂಥ ಆಡಳಿತ ಜ್ಞಾನ! ಹೊರಹೋಗುವ ಪತ್ರಗಳಿಗೆ ಗುಮಾಸ್ತರು ನಿಮ್ಮ ‘ಪರವಾಗಿ’ ಸಹಿ ಹಾಕುವ ಪದ್ಧತಿಯನ್ನು ಸರ್ವರ್‌ಗೂ ತಂದಿರಿ. ಎಲ್ಲರಿಗೂ ನಿಮ್ಮ ಪದನಾಮ, ನಿಮ್ಮ ಪಾಸ್‌ವರ್ಡ್. ಅದನ್ನು ನೀರಿನ ಫಿಲ್ಟರ್ ಪಕ್ಕದ ಗೋಡೆಗೆ ಅಂಟಿಸಿದ್ದೂ ಆಯಿತು. ನೀರು ಕುಡಿಯಲು ಬಂದ ಸಾರ್ವಜನಿಕರೂ ಓದಿಕೊಂಡರು. ಕಾಗದದಲ್ಲಾದರೆ ಸಹಿ ನೋಡಿ ಯಾರದೆಂದು ಹೇಳಬಹುದು. ಸರ್ವರ್‌ಗೆ ‘ಪರವಾಗಿ’ ಎಂಬುದು ಗೊತ್ತಿಲ್ಲ. ಅದರ ಮಟ್ಟಿಗೆ ಒಳಬಂದವರೆಲ್ಲ ನೀವೇ.

ಶಶಿರೇಖಾ ನನ್ನ ಹಳೆಯ ವಿದ್ಯಾರ್ಥಿನಿ. ಗಂಡ ಕೆಲಸ ಮಾಡುತ್ತಿದ್ದ ಪೀಣ್ಯದ ಕಾರ್ಖಾನೆ ಮುಚ್ಚಿದ ಮೇಲೆ ದಾಸರಹಳ್ಳಿಯ ಅವರ ಮನೆ ನಡೆಯುತ್ತಿರುವುದು ಅವಳ ಈ ಕೆಲಸದಿಂದ. ನೋಟಿಸ್ ಹಿಡಿದುಕೊಂಡೇ ನಮ್ಮ ಸ್ಟಾಫ್ ರೂಮಿಗೆ ಬಂದಳು. “ಮೇಡಂ, ಬೆಳಗ್ಗೆಯಿಂದ ಸಂಜೆವರ್ಗೂ ಸಾಹೇಬ್ರ ಹೆಸ್ರಲ್ಲೇ ಕೆಲ್ಸ ಮಾಡ್ತೀನಿ. ನಾನ್ ಅಳಿಸ್ಲಿಲ್ಲ ಅಂತ ಯಾರ್ ಹೆಸ್ರಲ್ಲಿ ಹೇಳ್ಲಿ?” ಎಂದು ಕೇಳಿದಳು. ಅವಳೇ ಎಂದು ನಿಮಗೆ ಹೇಳಿದವರು ಯಾರು? ಕಾಯಂ ನೌಕರರ ತಂಟೆಗೆ ಹೋದರೆ ಸಂಘದವರು ಬರುತ್ತಾರೆ, ಗುತ್ತಿಗೆಯವಳಿಗೆ ಯಾರೂ ಬರುವುದಿಲ್ಲ ಎಂಬುದಷ್ಟೇ ತಾನೇ ನಿಮ್ಮ ತನಿಖೆ?

ಸಾಕ್ಷ್ಯವೆಂದು ನೋಟಿಸಿಗೆ ಸರ್ವರ್ ದಾಖಲೆಯನ್ನೂ ಲಗತ್ತಿಸಿದ್ದೀರಿ. ಓದದೆ ಲಗತ್ತಿಸಿದ್ದಕ್ಕೆ ಧನ್ಯವಾದ. ಅಳಿಸಿದವರು ಎಂಬಲ್ಲಿ ಸ್ಪಷ್ಟವಾಗಿ ನಿಮ್ಮ ಪದನಾಮವಿದೆ.

ಆದ್ದರಿಂದ ಸೋಮವಾರದೊಳಗೆ ಶಶಿರೇಖಾ ಮೇಲಿನ ನೋಟಿಸ್ ಹಿಂಪಡೆಯಿರಿ, ಎಲ್ಲರಿಗೂ ಅವರವರ ಲಾಗಿನ್ ಕೊಡಿ. ಆಗದಿದ್ದರೆ ಅದೇ ನೋಟಿಸನ್ನು ದಾಖಲೆಯಲ್ಲಿ ಕಾಣುವ ವ್ಯಕ್ತಿಗೆ ಜಾರಿ ಮಾಡಿ. ಸಹಿ ಹಾಕುವವರೂ ನೀವೇ, ಪಡೆದುಕೊಳ್ಳುವವರೂ ನೀವೇ. ಈ ಸಲ ಮಾತ್ರ ಯಾರನ್ನೂ ನಿಮ್ಮ ಪರವಾಗಿ ಕಳಿಸಬೇಡಿ.

ಇಂತಿ,
ಶಶಿರೇಖಾಗೆ ಕಲಿಸಿ, ನಿಮಗೆ ಕಲಿಸಲಾಗದೆ ಸೋತ
ಶೀತಲ್